ಸೈಕಲ್ ಸ್ಟ್ಯಾಂಡ್ ಷಡಕ್ಷರಿಯ ತೆಂಗಿನಕಾಯಿ ಪ್ರಶಸ್ತಿ

ಆ ಭಾನುವಾರ ಮಧ್ಯಾಹ್ನ ಸಾವಿತ್ರಮ್ಮ ಟೀವಿ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಗಂಡ ಷಡಕ್ಷರಿ ಹೊರಗೆ ಜಗಲಿಯ ಮೇಲೆ, ಕಿಟಕಿಗೆ ಬೆನ್ನು ಕೊಟ್ಟು ಕೂತಿದ್ದ. ಟೀವಿಯಲ್ಲಿ ಒಬ್ಬ ಮುದುಕನ ಸಿನಿಮಾ ಬರುತ್ತಿತ್ತು. ನೋಡುವುದು ಅವಳ ಕೆಲಸ, ಕೇಳುವುದು ಅವನ ಕೆಲಸ. ಮದುವೆಯಾದಾಗಿನಿಂದ ಹಾಗೇ.

ಒಂದು ಕಡೆ ಪಿಟೀಲು ಕೆಳಗೆ ಇಳಿಯುತ್ತಾ ಇಳಿಯುತ್ತಾ ಹೋಗಿ ನಿಂತಿತು. ಜಗಲಿಯಿಂದ ಷಡಕ್ಷರಿ ಕೇಳಿದ.

"ಮುದುಕ ಕೂತಲ್ಲೇ ಹೋದ. ಮನೆಯವ್ರಿಗೆ ಇನ್ನೂ ಗೊತ್ತಿಲ್ಲ. ಅಲ್ವಾ?"

ಅವರೆಕಾಯಿಯಲ್ಲಿ ಹುಳ ಬಂದಿತ್ತು. ಅವಳು ಅದನ್ನು ನೋಡುತ್ತಿದ್ದಳು, ಟೀವಿಯನ್ನಲ್ಲ. ಬೆಳಗಿನಿಂದ ಸೊಂಟ ನೋಯುತ್ತಿತ್ತು. "ಹೂಂ, ಹೌದು" ಅಂದುಬಿಟ್ಟಳು.

"ಹಂಗಾದ್ರೆ ಈ ವರ್ಷದ ಕಾಯಿ ಇವನಿಗೇ ಕಣೇ" ಅಂದ ಅವನು. ಅಷ್ಟರಲ್ಲಿ ಕರೆಂಟ್ ಹೋಯಿತು. ಮುಂದೇನಾಯಿತು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ.

ಕಾಯಿ ಅಂದರೆ ಏನು ಅಂತ ಹೇಳಬೇಕು. ಷಡಕ್ಷರಿ ಕಡೂರಿನ ಒಂದು ಟಾಕೀಸಿನಲ್ಲಿ ಮೂವತ್ತೊಂದು ವರ್ಷ ಸೈಕಲ್ ಸ್ಟ್ಯಾಂಡ್ ನೋಡಿಕೊಂಡವನು. ಸ್ಟ್ಯಾಂಡ್ ಇದ್ದದ್ದು ಪರದೆಯ ಹಿಂದಿನ ಗೋಡೆಗೆ ಅಂಟಿಕೊಂಡು. ಒಳಗೆ ಹೋದರೆ ಸೈಕಲ್ ಕಳುವಾಗುತ್ತವೆ, ಅದಕ್ಕೇ ಹೋಗುತ್ತಿರಲಿಲ್ಲ. ಒಂದೊಂದು ಸಿನಿಮಾವನ್ನು ಇನ್ನೂರು ಸಲ ಕೇಳಿದ್ದ, ಒಂದು ಸಲವೂ ನೋಡಿರಲಿಲ್ಲ. ಗೋಡೆಯಾಚೆಗೆ ಮಾತು ಗೊಜಗೊಜ ಅಂತ ಕೇಳುತ್ತದೆ, ಸಂಗೀತ ಮಾತ್ರ ಚೆನ್ನಾಗಿ ಕೇಳುತ್ತದೆ. ಹೀಗಾಗಿ ಯಾರು ಅಳುತ್ತಿದ್ದಾರೆ, ಯಾರು ಓಡುತ್ತಿದ್ದಾರೆ, ಯಾರು ಬಾಗಿಲ ಹಿಂದೆ ನಿಂತಿದ್ದಾರೆ ಎಲ್ಲವನ್ನೂ ಅವನು ಹಿನ್ನೆಲೆ ಸಂಗೀತದಿಂದಲೇ ತಿಳಿದುಕೊಳ್ಳುವುದನ್ನು ಕಲಿತ. ಷೋ ಬಿಟ್ಟಾಗ ಸೈಕಲ್ ತೆಗೆಯಲು ಬಂದವರನ್ನು ಕೇಳಿ ಸರಿಯೋ ತಪ್ಪೋ ನೋಡಿಕೊಳ್ಳುತ್ತಿದ್ದ. ಮದುವೆಯಾದ ಮೇಲೆ ಬೇರೆಯವರನ್ನು ಕೇಳುವುದು ನಿಂತಿತು. ಹೆಂಡತಿಯನ್ನೇ ಒಳಗೆ ಕಳಿಸುತ್ತಿದ್ದ.

ಅವನಿಗೆ ಪ್ರಶಸ್ತಿ ಕೊಡುವವರ ಮೇಲೆ ಸಿಟ್ಟು. ಕ್ಷೌರದಂಗಡಿಯಲ್ಲಿ ಪೇಪರಿನ ಪ್ರಶಸ್ತಿ ಪಟ್ಟಿ ಓದಿ ಬಂದ ದಿನ ಊಟ ಸರಿಯಾಗಿ ಮಾಡುತ್ತಿರಲಿಲ್ಲ. ಹಾಡು ಅಂದರೆ ಮನೆಗೆ ಬಂದ ನೆಂಟರು, ಹಿನ್ನೆಲೆ ಸಂಗೀತ ಅಂದರೆ ಮನೆಯಲ್ಲಿ ಮುಸುರೆ ತಿಕ್ಕುವವಳು, ಇವರು ಯಾವಾಗಲೂ ನೆಂಟರಿಗೇ ಶಾಲು ಹೊದಿಸುತ್ತಾರೆ ಅನ್ನುತ್ತಿದ್ದ. ತೀರ್ಪು ಕೊಡುವವರನ್ನು ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಬೇಕು, ಆಗ ಗೊತ್ತಾಗುತ್ತದೆ ಯಾರು ಏನು ಬಾರಿಸಿದ್ದಾರೆ ಅಂತ. ಇದನ್ನೇ ಎಷ್ಟು ಸಲ ಹೇಳಿದ್ದನೋ. ಸಾವಿತ್ರಮ್ಮ ಒಂದು ಕಿವಿಯಲ್ಲಿ ಕೇಳಿ ಸಾರಿಗೆ ಉಪ್ಪು ಹಾಕುತ್ತಿದ್ದಳು.

ಕೊನೆಗೆ ಅವನೇ ಒಂದು ಪ್ರಶಸ್ತಿ ಶುರು ಮಾಡಿದ. ಪಂಚನಹಳ್ಳಿಯಲ್ಲಿ ಸಾವಿತ್ರಮ್ಮನ ತವರಿನ ತೋಟವಿದೆ. ಅಲ್ಲಿಂದ ಅವಳ ತಮ್ಮ ರುದ್ರಮೂರ್ತಿ ವರ್ಷಕ್ಕೊಂದು ಮೂಟೆ ಕಾಯಿ ಕಳಿಸುತ್ತಾನೆ. ಅದರಲ್ಲಿ ಒಂದು ಒಳ್ಳೆಯ ಜುಟ್ಟಿನ ಕಾಯಿ ಆರಿಸಿ, ಸಂಕ್ರಾಂತಿಯ ಹೊತ್ತಿಗೆ, ಆ ವರ್ಷ ಅವನಿಗೆ ಸರಿ ಕಂಡ ಸಂಗೀತಗಾರರಿಗೆ ಅಂಚೆಯಲ್ಲಿ ಕಳಿಸುವುದು. ಬಿಳಿ ಬಟ್ಟೆಯಲ್ಲಿ ಕಾಯಿ ಹಾಕಿ ಹೊಲಿಯುವುದು ಅವಳು. ಮೇಲೆ ವಿಳಾಸ ಬರೆಯುವುದು ಅವನು. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಉತ್ತರ ಬಂದಿತ್ತು. ಯಾರೋ ಸಂಗೀತಗಾರನ ತಾಯಿ ಬರೆದಿದ್ದರು, ಕಾಯಿ ಬಂತು, ಚಟ್ನಿ ಮಾಡಿದೆವು, ಯಾಕೆ ಕಳಿಸಿದಿರಿ ಅಂತ ತಿಳಿಯಲಿಲ್ಲ. ಸಿನಿಮಾದ ಹೆಸರು ಬರೆಯುವುದನ್ನೇ ಅವನು ಮರೆತಿದ್ದ. ಆ ಕಾರ್ಡನ್ನು ಕಟ್ಟು ಹಾಕಿಸಿ ವಿಭೂತಿ ಗಟ್ಟಿ ಇಡುವ ಗೂಡಿನ ಮೇಲೆ ನೇತು ಹಾಕಿದ. ಎರಡು ವರ್ಷ ಯಾರಿಗೂ ಕಳಿಸಲಿಲ್ಲ, ಯೋಗ್ಯರಿಲ್ಲ ಅಂತ. ಆ ಕಾಯಿಗಳು ಇವರ ಮನೆಯದೇ ಚಟ್ನಿಯಾದವು.

ಕಾಯಿ ಕೊಡಲು ಅವನಿಗೊಂದು ನಿಯಮವಿತ್ತು. ಸಂಗೀತ ಕೇಳಿದರೆ ಗೋಡೆಯಾಚೆ ನಿಂತವನಿಗೂ ಏನಾಯಿತು ಅಂತ ಗೊತ್ತಾಗಬೇಕು. ಆದರೆ ಆಗುವುದಕ್ಕೆ ಮುಂಚೆ ಗೊತ್ತಾಗಬಾರದು. ಮುಂಚೆ ಹೇಳುವ ಸಂಗೀತಗಾರ ಚಾಡಿಕೋರ. "ಸಾಯೋನಿಗಿಂತ ಮುಂಚೆ ಅಳೋನನ್ನ ಮನೆ ಒಳಕ್ಕೆ ಸೇರಿಸ್ಬಾರ್ದು" ಅನ್ನುತ್ತಿದ್ದ.

ಆ ವರ್ಷ ಇಬ್ಬರು ಉಳಿದಿದ್ದರು. ಒಬ್ಬ ಈ ಮುದುಕನ ಸಿನಿಮಾಕ್ಕೆ ಸಂಗೀತ ಕೊಟ್ಟ ಹುಡುಗ, ಬೆಂಗಳೂರಿನವನು. ಇನ್ನೊಬ್ಬಾಕೆ ಮೈಸೂರಿನ ಹೆಂಗಸು, ಒಂದು ಲಾರಿ ಡ್ರೈವರನ ಸಿನಿಮಾಕ್ಕೆ ಬಾರಿಸಿದವಳು. ಲಾರಿ ಸಿನಿಮಾಕ್ಕೆ ಇಬ್ಬರೂ ತರೀಕೆರೆಗೆ ಬಸ್ಸಿನಲ್ಲಿ ಹೋಗಿದ್ದರು. ಒಂದೇ ಟಿಕೆಟ್ ತೆಗೆದು ಅವಳನ್ನು ಒಳಗೆ ಕಳಿಸಿ, ಅವನು ಹೊರಗೆ ಗೋಡೆಗೆ ಕಿವಿ ಕೊಟ್ಟು ನಿಂತಿದ್ದ. ಗಂಡ ಹೆಂಡತಿ ಜಗಳ ಆಡಿದ್ದಾರೆ ಅಂತ ಗೇಟಿನವನು ಸಮಾಧಾನ ಹೇಳಲು ಬಂದಿದ್ದನಂತೆ. ಅವಳು ಹೊರಗೆ ಬಂದ ಕೂಡಲೇ ಕೇಳಿದ, ಡ್ರೈವರ್ ವಾಪಸ್ಸು ಬಂದಾಗ ಮನೆ ಬಾಗಿಲು ತೆರೆದಿತ್ತೋ ಹಾಕಿತ್ತೋ ಅಂತ. ತೆರೆದಿತ್ತು ಅಂದಳು. "ಗೊತ್ತಾಯ್ತು ನಂಗೆ. ಆಯಮ್ಮ ಬರೀ ಒಂದು ಕೊಳಲು ಇಟ್ಟಿದ್ಲು, ಆಮೇಲೆ ಅದನ್ನೂ ತೆಗೆದ್ಬಿಟ್ಲು" ಅಂದ. ಬಸ್ ಸ್ಟ್ಯಾಂಡಿನವರೆಗೆ ಮಾತಾಡಲಿಲ್ಲ. ಅವನಿಗೆ ಬಹಳ ಹಿಡಿಸಿದಾಗ ಮಾತು ನಿಲ್ಲುತ್ತಿತ್ತು.

ಅದಿರಲಿ. ಭಾನುವಾರ ಸಂಜೆ ಅವಳು ಬಟ್ಟೆ ಹೊಲಿದಳು. ಅವನು ಮುದುಕನ ಸಿನಿಮಾದ ಹುಡುಗನ ಹೆಸರು ಬರೆದ. ನಾಳೆ ಅಂಚೆಗೆ ಹಾಕುತ್ತೇನೆ ಅಂದ.

ಬೆಳಿಗ್ಗೆ ಎದ್ದು, ಜಗಲಿಯ ಮೊಳೆಗೆ ಹಾಕಿದ್ದ ಚಿಂದಿ ಬಟ್ಟೆ ತೆಗೆದು ಸೈಕಲ್ ಒರೆಸಿದ. ಅದು ಸ್ಟ್ಯಾಂಡಿನ ಅಭ್ಯಾಸ. ಅಲ್ಲಿದ್ದಾಗ ಇಬ್ಬನಿ ಬಿದ್ದ ಸೀಟುಗಳನ್ನೆಲ್ಲ ಒರೆಸಿಯೇ ಸೈಕಲ್ ಕೊಡುತ್ತಿದ್ದ. ಟಾಕೀಸು ಮುಚ್ಚಿದ ಮೇಲೆ ಉಳಿದದ್ದು ಅವನದೊಂದೇ ಸೈಕಲ್. ಅದನ್ನೇ ಒರೆಸಿ ಹಾಲಿಗೆ ಹೋದ. ಡೈರಿ ಮುಂದೆ ಸೈಕಲ್ ನಿಲ್ಲಿಸಿ, ಬೀಗ ಹಾಕಿ, ಕಟ್ಟೆ ಮೇಲೆ ಕೂತ. ಸಾಲು ಮುಂದಕ್ಕೆ ಹೋಯಿತು, ಅವನು ಏಳಲಿಲ್ಲ. ಪಕ್ಕದವರು ಸ್ವಲ್ಪ ಹೊತ್ತು ಗಮನಿಸಲಿಲ್ಲ. ನಿದ್ದೆ ಅಂದುಕೊಂಡರಂತೆ. ಆಮೇಲೆ ಕರಿಯಣ್ಣ ಅನ್ನುವ ಹಾಲಿನವನು ಭುಜ ಮುಟ್ಟಿದ. ಮನೆಗೆ ಸುದ್ದಿ ತಂದವನೂ ಅವನೇ. ಸೈಕಲ್ಲನ್ನು ಸಂಜೆ ಅವನೇ ತಳ್ಳಿಕೊಂಡು ಬಂದ.

ಹನ್ನೊಂದು ದಿನ ಮನೆಯಲ್ಲಿ ಜನ. ತೀರಿಕೊಂಡವನ ಹೆಸರಿನಲ್ಲಿ ಗಣಾರಾಧನೆ ಆಯಿತು, ಸ್ವಾಮಿಗಳು ಬಂದು ಹೋದರು. ಹೊಲಿದ ಕಾಯಿ ಬೀರುವಿನ ಮೇಲೇ ಇತ್ತು. ಅಜ್ಜಂಪುರಕ್ಕೆ ಕೊಟ್ಟ ಮಗಳು ಸುಮನಾ ಅದನ್ನು ನೋಡಿ, ಅಪ್ಪಾಜಿ ವಿಳಾಸ ಬರೆದಿಟ್ಟಿದ್ದಾರೆ, ಕಳಿಸಿಬಿಡೋಣ ಅಂದಳು. ಸಾವಿತ್ರಮ್ಮ ಬೇಡ ಅಂದಳು. ಯಾಕೆ ಅಂತ ಮಗಳು ಎರಡು ಸಲ ಕೇಳಿದ ಮೇಲೆ ಹೇಳಿದಳು.

"ನಾನು ನೋಡಿರ್ಲಿಲ್ಲ ಕಣೇ. ನೋಡ್ದಂಗೆ ಹೌದು ಅಂದ್ಬಿಟ್ಟೆ."

ಅದಕ್ಕೆ ಮೊದಲು ಹಾಗೆ ಹೇಳಿಯೇ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಅಡುಗೆ ಮಾಡುತ್ತಾ, ಒಗೆಯುತ್ತಾ, ಎಷ್ಟೋ ಸಲ ಹೂಂ ಅಂದಿದ್ದಳು. ಆದರೆ ಕಾಯಿಯ ವಿಷಯದಲ್ಲಿ ಅಂದಿರಲಿಲ್ಲ. ಆ ಒಂದು ವಿಷಯಕ್ಕೆ ಅವನು ಅವಳ ಕಣ್ಣನ್ನೇ ನಂಬಿದ್ದ.

"ಒಂದು ಕಾಯಿಗೆ ಇಷ್ಟ್ ಯಾಕಮ್ಮ? ಈಗ ಕೇಳೋರ್ ಯಾರಿದಾರೆ?" ಅಂದಳು ಸುಮನಾ.

"ಕೇಳೋರಿದ್ದಿದ್ರೆ ಒಪ್ಕೊಂಡು ಬೈಸ್ಕೊತಿದ್ದೆ."

ತಿಂಗಳು ಕಳೆದ ಮೇಲೆ ಸುಮನಾ ತಾಯಿಯನ್ನು ಅಜ್ಜಂಪುರಕ್ಕೆ ಕರೆದುಕೊಂಡು ಹೋದಳು. ಕಾಯಿಯನ್ನೂ ಚೀಲದಲ್ಲಿಟ್ಟುಕೊಂಡರು. ಒಂದು ಮಧ್ಯಾಹ್ನ ಮಗಳು ಮೊಬೈಲಿನಲ್ಲಿ ಮುದುಕನ ಸಿನಿಮಾ ಹುಡುಕಿ, ಬೇಳೆ ಡಬ್ಬಿಗೆ ಒರಗಿಸಿ ಇಟ್ಟಳು. ಸಾವಿತ್ರಮ್ಮ ಕೈಯಲ್ಲಿ ಏನೂ ಇಟ್ಟುಕೊಳ್ಳದೆ ಕೂತಳು. ಮನೆಯೊಳಗೆ ಹಾಗೆ ಬರಿಗೈಯಲ್ಲಿ ಕೂತು ಸಿನಿಮಾ ನೋಡಿದ್ದು ಅದೇ ಮೊದಲು.

ಮುದುಕ ಮಂಚದ ಮೇಲೆ ಕೂತು ಕಡಲೇಕಾಯಿ ಬಿಡಿಸುತ್ತಿದ್ದ. ಹೆಂಡತಿ ಒಳಗೆ ಏನೋ ಹುರಿಯುತ್ತಿದ್ದಳು. ಪಿಟೀಲು ಬಂತು. ಅದೇ, ಇಳಿಯುತ್ತಾ ಇಳಿಯುತ್ತಾ. ನಿಂತಿತು. ಸಾವಿತ್ರಮ್ಮ ಮುದುಕನ ತಲೆ ವಾಲುವುದನ್ನು ಕಾದಳು.

ವಾಲಲಿಲ್ಲ. ಅವನು ಒಂದು ಕಡಲೇಬೀಜ ಬಾಯಿಗೆ ಹಾಕಿಕೊಂಡು ಅಗಿದ. ಒಳಗೆ ತಿರುಗಿ ಮಜ್ಜಿಗೆ ಕೇಳಿದ. ಹೆಂಡತಿ ತಂದುಕೊಟ್ಟಳು. ಏನೂ ಆಗಲಿಲ್ಲ.

ಮುಂದೆ ಒಂದು ಗಂಟೆ ಸಿನಿಮಾ ನಡೆಯಿತು. ಕೊನೆಗೆ ಮುದುಕ ಸತ್ತ, ಹೊಲದ ಬದುವಿನ ಮೇಲೆ. ಸುಮನಾ ಅಂದಳು, ಅಪ್ಪಾಜಿ ಹೇಳಿದ್ದು ನಿಜವೇ ಆಯಿತಲ್ಲ, ಸತ್ತನಲ್ಲ ಅಂತ.

ಸಾವಿತ್ರಮ್ಮ ಇಲ್ಲ ಅಂತ ತಲೆ ಆಡಿಸಿದಳು. ಹುಡುಗ ಮುಂಚೆಯೇ ಹೇಳಿಬಿಟ್ಟಿದ್ದಾನೆ. ನಿಮ್ಮಪ್ಪನ ಲೆಕ್ಕದಲ್ಲಿ ಚಾಡಿಕೋರ. ನಾನು ಆವತ್ತು ಕಣ್ಣೆತ್ತಿ ನೋಡಿ, ಇಲ್ಲಾರೀ ಇನ್ನೂ ಬದುಕಿದಾನೆ ಅಂದಿದ್ದರೆ, ಕಾಯಿ ಅಲ್ಲೇ ಇವನ ಕೈತಪ್ಪುತ್ತಿತ್ತು ಅಂದಳು. ಮೊಬೈಲು ತಾನಾಗಿ ಕಪ್ಪಾಯಿತು.

"ನನ್ನ ಕೇಳಿದ್ರೆ ಇವ್ನಿಗೇ ಕೊಡ್ತಿದ್ದೆ ಕಣೇ" ಅಂದಳು. "ಆ ಭಾನ್ವಾರ ನಮ್ಮನೇಲೂ ಯಾರಾದ್ರೂ ಚಾಡಿ ಹೇಳಿದ್ದಿದ್ರೆ, ಅವರೆಕಾಯಿ ಅತ್ಲಾಗಿಟ್ಟು, ಹೊರಗೆ ಹೋಗಿ ಪಕ್ಕದಲ್ಲಿ ಕೂರ್ತಿದ್ದೆ."

ಸುಮನಾ ಅಳಲು ಶುರು ಮಾಡಿದಳು. ಸಾವಿತ್ರಮ್ಮನಿಗೆ ಅಳುವಷ್ಟು ತ್ರಾಣವಿರಲಿಲ್ಲ.

"ಆದ್ರೆ ಕಾಯಿ ನಂದಲ್ಲ, ಅವರ್ದು. ಕತ್ರಿ ಕೊಡು" ಅಂದಳು.

ಹೊಲಿಗೆ ಬಿಚ್ಚಿದಳು. ಗಂಡ ಬರೆದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದ ತಳಕ್ಕೆ ಇಟ್ಟಳು. ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಳು. ನೀರು ಇನ್ನೂ ಇತ್ತು. ಊರಿಗೆ ಬಂದು, ಅವನ ಹಳೇ ಪಂಚೆಯಲ್ಲಿ ಒಂದು ತುಂಡು ಹರಿದು ಹೊಸದಾಗಿ ಹೊಲಿದಳು. ಮೈಸೂರಿನ ಹೆಂಗಸಿನ ವಿಳಾಸವನ್ನು ಸುಮನಾ ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ಅದನ್ನು ನೋಡಿಕೊಂಡು ಅವಳೇ ಬರೆದಳು. ಓದಿದ್ದು ಮೂರನೇ ಕ್ಲಾಸು. ಅಕ್ಷರಗಳು ದೊಡ್ಡದಾಗಿ, ಅಡ್ಡಾದಿಡ್ಡಿ ಬಂದವು. ಲಾರಿ ಸಿನಿಮಾದ ಕೊಳಲಿಗೆ ಅಂತ ಬರೆದಳು. ಕೆಳಗೆ, ಕಡೂರಿನ ಸೈಕಲ್ ಸ್ಟ್ಯಾಂಡ್ ಷಡಕ್ಷರಿ ಅಂತ ಬರೆದಳು. ಅವರು ತೀರಿಕೊಂಡರು ಅಂತ ಬರೆಯಬೇಕೋ ಬೇಡವೋ ಅಂತ ಪೆನ್ನು ಹಿಡಿದು ಕೂತಳು. ಬರೆಯಲಿಲ್ಲ.

ಅಂಚೆ ಕಚೇರಿಯ ತಿಪ್ಪೇಶನಿಗೆ ಆ ಪೊಟ್ಟಣ ಹೊಸದಲ್ಲ. ಈ ವರ್ಷ ಪ್ರಶಸ್ತಿ ತಡವಾಯಿತು ಅಂದ, ಆಮೇಲೆ ಅವಳ ಬರಿ ಹಣೆ ನೋಡಿ ಪೊಟ್ಟಣ ಕೈಗೆ ತೆಗೆದುಕೊಂಡ. ತೂಕ ಮಾಡಿ ಒಳಗಿಟ್ಟ.

"ಮುಂದಿನ ವರ್ಷ ಬತ್ತೀರಾ ಅಮ್ಮಾ?"

"ಇಲ್ಲಪ್ಪ. ಇದೇ ಕೊನೇದು" ಅಂದಳು.

ಮೈಸೂರಿನಿಂದ ಉತ್ತರ ಬಂದಿಲ್ಲ. ಬರುತ್ತದೆ ಅಂತ ಅವಳು ಕಾಯುತ್ತಲೂ ಇಲ್ಲ. ಟೀವಿ ಹಾಕುವುದು ಕಡಿಮೆ. ಹಾಕಿದರೂ ಸದ್ದು ತೆಗೆದುಬಿಡುತ್ತಾಳೆ, ಕೇಳುವವರಿಲ್ಲವಲ್ಲ. ಹಾಲನ್ನು ಕರಿಯಣ್ಣನೇ ಮನೆ ಹತ್ತಿರ ತಂದುಕೊಡುತ್ತಾನೆ. ಸೈಕಲ್ಲನ್ನು ಕೊಟ್ಟುಬಿಡಿ ಅಂತ ಇಬ್ಬರು ಕೇಳಿ ಹೋಗಿದ್ದಾರೆ.

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿದ ಮೇಲೆ ಸಾವಿತ್ರಮ್ಮ ಜಗಲಿಯ ಮೊಳೆಯಿಂದ ಆ ಚಿಂದಿ ಬಟ್ಟೆ ತೆಗೆದುಕೊಳ್ಳುತ್ತಾಳೆ. ಸೀಟಿನ ಮೇಲೆ ಇಬ್ಬನಿ ಇರುತ್ತದೆ. ಸೀಟು ಒರೆಸುತ್ತಾಳೆ, ಆಮೇಲೆ ಹ್ಯಾಂಡಲ್, ಆಮೇಲೆ ಬೆಲ್ಲು. ಬಟ್ಟೆ ಹಿಂಡಿ ಮತ್ತೆ ಮೊಳೆಗೆ ಹಾಕುತ್ತಾಳೆ.