ಜೀರುಂಡೆ ಬಿಚ್ಚಿಟ್ಟ ಅಂಗಿ

ಕಷಾಯಕ್ಕೆಂದು ಕಾಗದದ ಮೇಲೆ ಹರಡಿದ್ದ ಬೇರು, ತೊಗಟೆ, ಒಣಹೂಗಳ ನಡುವೆ ಹುಳುವೊಂದು ಕಂಡಿತು. “ಅಯ್ಯೋ ರಾಯರೇ!” ಎಂದವಳೇ, “ಜೀವ ತೆಗೆದದ್ದನ್ನು ನಾವು ತಿನ್ನೋದಿಲ್ಲ” ಎಂದು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದೆ.

ಲೀಡ್ಸಿನ ಆ ಚೀನೀ ಮದ್ದಿನಂಗಡಿಗೆ ಹೋಗಿದ್ದು ಮಗಳಿಗಾಗಿ. ಎಕ್ಸಿಮಾದಿಂದ ಅವಳ ಕೈಗಳು ಒಡೆದು ಕೆಂಪಾಗಿದ್ದವು. ನಮ್ಮ ಬಡಾವಣೆಯ ಜಿಪಿ ಡಾಕ್ಟರು ಕೊಟ್ಟ ಮುಲಾಮು ಹಚ್ಚುತ್ತಲೇ ಇದ್ದೆ. ಶಾಲೆಯ ಮಕ್ಕಳು ನೋಡುತ್ತಾರೆಂದು ಅವಳು ಸದಾ ಸ್ವೆಟರಿನ ತೋಳೊಳಗೆ ಕೈ ಅಡಗಿಸಿಕೊಂಡಿರುತ್ತಿದ್ದಳು.

ವಯಸ್ಸಾದ ವೈದ್ಯೆ ನಸುನಕ್ಕು, ಹುಳುವನ್ನು ಅಂಗೈಯಲ್ಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಬೆನ್ನು ಸೀಳಿದ್ದ ಬರೀ ಸಿಪ್ಪೆ ಅದು. ಬಿಸಿಲು ಅದರೊಳಗಿಂದ ಜೇನಿನಂತೆ ಇಳಿಯುತ್ತಿತ್ತು. ಬೇರುಗಳ ಘಮದಲ್ಲಿ ಇಡೀ ಅಂಗಡಿ ತೂಕಡಿಸುತ್ತಿರುವಂತೆ ಅನ್ನಿಸಿತು.

“ಯಾರೂ ಕೊಂದಿಲ್ಲಮ್ಮ. ಜೀರುಂಡೆ ಹಳೇ ಅಂಗಿ ಬಿಚ್ಚಿಟ್ಟು ಹಾರಿಹೋಗಿದೆ. ನಿಮ್ಮ ದೇವರು ಬೇಡ ಅಂದ್ರೆ ತೆಗೆದುಬಿಡ್ತೀನಿ.”

ಅಷ್ಟರಲ್ಲಿ ಮಗಳು ತೋಳಿನಿಂದ ಕೈ ಹೊರಗೆಳೆದು ಚಾಚಿದಳು. ವೈದ್ಯೆ ಆ ಸಿಪ್ಪೆಯನ್ನು ಅವಳ ಕೆಂಪು ಬೆರಳುಗಳ ಮೇಲೆ ಮೆಲ್ಲಗೆ ಇಟ್ಟರು.

“ಇದಕ್ಕೆ ಹೊಸ ಚರ್ಮ ಬಂತಾ? ನಂಗೂ ಬರುತ್ತಾ?” ಮಗಳು ತನ್ನ ಇಂಗ್ಲಿಷಿನಲ್ಲಿ ಕೇಳಿದಳು.

“ನಿಧಾನವಾಗಿ, ಪುಟ್ಟಿ. ಇದೂ ಅವಸರ ಮಾಡಿರಲಿಲ್ಲ.”

“ತೆಗೀಬೇಡಿ, ಇರಲಿ. ಕಟ್ಟಿಕೊಡಿ” ಎಂದೆ.

ಕೈ ವಾಸಿಯಾಗಲು ಬಹಳ ಕಾಲ ಹಿಡಿಯಿತು. ಆ ಕಷಾಯದಿಂದಲೋ, ಮುಲಾಮಿನಿಂದಲೋ, ರಾಯರ ದಯೆಯಿಂದಲೋ ನನಗೆ ಗೊತ್ತಿಲ್ಲ. ಆದರೆ ಅಂದು ಬಸ್ಸಿನಲ್ಲಿ ಮನೆ ಸೇರುವ ತನಕ ಅವಳ ಕೈ ತೋಳೊಳಗೆ ಹೋಗಲಿಲ್ಲ, ನನ್ನ ಕೈಯಲ್ಲೇ ಇತ್ತು. ದೇವರು ಆ ದಿನಕ್ಕೆ ಅಷ್ಟು ಕೊಟ್ಟಿದ್ದ.