ತೌಡಿಗೆ ಮಾರಿದ ಮಗು

ದೊಡ್ಡಪುಟ್ಟಿ, ಚಿಕ್ಕಪುಟ್ಟಿ, ಗುಂಡ, ನೀವು ಮೂವರೂ ಇದನ್ನು ಓದಬೇಕು. ಎದುರಿಗೆ ಕೂತು ಹೇಳುವುದಕ್ಕೆ ನನಗೆ ಬರುವುದಿಲ್ಲ. ನಾಲ್ಕು ಜನ ಸೇರಿದರೆ ನನ್ನ ಮಾತು ಗಂಟಲಲ್ಲೇ ನಿಂತುಬಿಡುತ್ತದೆ, ನಿಮಗೂ ಗೊತ್ತು. ಬಂಗಾರಪೇಟೆ ಹತ್ತಿರದ ನಮ್ಮ ಹಳ್ಳಿ ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿನವರೆಗೆ ಕಲಿತ ಅಕ್ಷರ ಇದು. ತಪ್ಪಿದ್ದರೆ ತಿದ್ದಿಕೊಂಡು ಓದಿ. ನಿಮ್ಮ ತಾತನ ಹೆಸರನ್ನು ನಾನು ಎಂದೂ ಬಾಯಲ್ಲಿ ಹೇಳಿದವಳಲ್ಲ, ಬರೆಯುವುದೂ ಬೇಡ. ಅವರ ಹೆಸರೇ ಇಲ್ಲದ ಮೇಲೆ ಉಳಿದವರದ್ದು ಯಾಕೆ?

ನಿಮ್ಮ ಅಪ್ಪ ಹುಟ್ಟಿದ ವರ್ಷದ ಸಂಗತಿ ಇದು. ನಯಾ ಪೈಸೆ ಬಂದು ಒಂದು ವರ್ಷವಾಗಿತ್ತು. ಆಗ ನಾವು ಚಿನ್ನದ ಗಣಿಯ ನಂದಿದುರ್ಗದ ಲೈನು ಮನೆಯಲ್ಲಿದ್ದೆವು. ಉದ್ದಕ್ಕೆ ಸಾಲಾಗಿ ಒಂದಕ್ಕೊಂದು ಅಂಟಿದ ಮನೆಗಳು, ನಡುವೆ ಬಿದಿರು ತಟ್ಟಿಯ ಗೋಡೆ. ಈ ಮನೆಯಲ್ಲಿ ಕೆಮ್ಮಿದರೆ ಆ ಮನೆಯವರು ನೀರು ಕುಡಿ ಎನ್ನುತ್ತಿದ್ದರು. ನಿಮ್ಮ ತಾತನಿಗೆ ಗಣಿಯೊಳಗೆ ಆಸರೆ ಕೊಡುವ ಮರ ಕೊಯ್ಯುವ ಶೆಡ್ಡಿನಲ್ಲಿ ಕೆಲಸ. ಜೊತೆಗೆ ನಮ್ಮ ಅತ್ತೆ, ಐದು ವರ್ಷದ ಮಗಳು, ಅಂದರೆ ನಿಮ್ಮ ದೊಡ್ಡತ್ತೆ. ಅವಳಿಗೂ ನಿಮ್ಮ ಅಪ್ಪನಿಗೂ ನಡುವೆ ಎರಡು ಗಂಡು ಕೂಸು ಹುಟ್ಟಿದ್ದವು. ಒಂದು ಹದಿನೈದನೆಯ ದಿನ ಹೋಯಿತು, ಇನ್ನೊಂದು ಮೂರನೆಯ ತಿಂಗಳಲ್ಲಿ. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಹೀಗೆ ಮಕ್ಕಳು ಉಳಿಯದ ಮನೆಯಲ್ಲಿ ಹೊಸ ಕೂಸನ್ನು ತೌಡಿಗೆ ಮಾರುವ ಶಾಸ್ತ್ರ ನಮ್ಮ ಕಡೆ ಇತ್ತು. ಹನ್ನೊಂದನೆಯ ದಿನ ಮಗುವನ್ನು ಮೊರದಲ್ಲಿ ಮಲಗಿಸುತ್ತಾರೆ. ತುಂಬು ಸಂಸಾರದ ಹೆಂಗಸೊಬ್ಬಳು ಒಂದು ಮೊರ ತೌಡು ಕೊಟ್ಟು ಅದನ್ನು ಕೊಂಡು, ತನ್ನ ಹೊಸ್ತಿಲು ದಾಟಿಸಿ, ಸಾಕಿಕೊಡು ಎಂದು ಹೆತ್ತವಳ ಕೈಗೇ ಒಪ್ಪಿಸುತ್ತಾಳೆ. ವರ್ಷ ತುಂಬಿ ಮೊದಲ ಮುಡಿ ತೆಗೆಯುವ ಮುನ್ನ ಅಷ್ಟೇ ತೌಡು ಕೊಟ್ಟು ವಾಪಸ್ ಕೊಳ್ಳಬೇಕು. ಅಲ್ಲಿಯವರೆಗೆ ಹೆತ್ತವಳು ನನ್ನ ಮಗು ಎನ್ನಬಾರದು.

ಅತ್ತೆ ಗೊತ್ತು ಮಾಡಿದ್ದು ನಲ್ಲಿ ಹತ್ತಿರದ ಮನೆಯವಳನ್ನು. ಅವಳಿಗೆ ಏಳು ಮಕ್ಕಳು, ಏಳೂ ಗಟ್ಟಿ. ಆದರೆ ಹನ್ನೊಂದನೆಯ ದಿನ ಬೆಳಿಗ್ಗೆ ಅವಳ ತವರಿನಲ್ಲಿ ಯಾರೋ ತೀರಿಕೊಂಡ ಸುದ್ದಿ ಬಂದು ಅವಳು ಹೊರಟುಹೋದಳು. ಹೊತ್ತು ಇಳಿಯುವುದರೊಳಗೆ ಶಾಸ್ತ್ರ ಮುಗಿಯಬೇಕು.

"ಪಕ್ಕದ್ಮನೆ ಅಕ್ಕನ್ನೇ ಕರಿಯವ್ವ," ಎಂದರು ನಿಮ್ಮ ತಾತ.

"ಅವಳ್ಗೆ ಒಂದೂ ಉಟ್ಟಿಲ್ವಲ್ಲೋ!"

"ಉಟ್ಟಿಲ್ಲ ಅಂದ್ಮೇಲೆ ಓಗಿದ್ದೂ ಇಲ್ಲ."

ಅತ್ತೆ ಮೊರ ಕೊಡವಿ ಇಟ್ಟರು. "ಅದೂ ಸರಿಯೇ. ಮ್ಯಾಲೆ ತಮಿಳ್ನೋಳು. ನಮ್ಮನೆ ದಾರಿ ಕಲ್ತಿರೋ ಯಮ ಅವಳ ಬಾಗ್ಲಿಗೆ ಓಗಿ ಕೇಳಿದ್ರೆ ಅವಳೇನಂತಾಳೋ ಅವನ್ಗೆ ತಿಳಿಯಲ್ಲ. ಬಂದ ದಾರೀಲೇ ಓಗ್ತಾನೆ."

ಪಕ್ಕದ ಮನೆಯ ಅಕ್ಕ ನನಗಿಂತ ಎಂಟೊಂಬತ್ತು ವರ್ಷ ದೊಡ್ಡವರು. ಗಂಡ ಗಣಿಯೊಳಗೆ ಇಳಿಯುವ ಕೆಲಸದವರು. ಮನೆಯಲ್ಲಿ ಇಬ್ಬರೇ, ಜೊತೆಗೆ ಒಂದು ಮೇಕೆ. ಮೇಕೆಗೆಂದು ತೌಡು ಇದ್ದೇ ಇತ್ತು. ತಾವು ಎರಡನೆಯ ಆಯ್ಕೆ ಎಂಬುದು ಅವರಿಗೆ ಗೊತ್ತಿತ್ತು. ತಟ್ಟಿಯಾಚೆಯಿಂದ ಎಲ್ಲ ಕೇಳಿಸಿತ್ತು. ಆದರೂ ಗಂಡ ಹೆಂಡತಿ ತಲೆಗೆ ನೀರು ಹಾಕಿಕೊಂಡು, ಮಡಿ ಬಟ್ಟೆ ಉಟ್ಟು ಬಂದು ಕೂತರು. ಅಕ್ಕ ತೌಡು ಕೊಟ್ಟು, ಮಗುವನ್ನು ಎತ್ತಿಕೊಂಡು ತಮ್ಮ ಹೊಸ್ತಿಲು ದಾಟಿಸಿದರು. ವಾಪಸ್ ಕೊಡುವಾಗ, "ತಂಗಚ್ಚಿ, ನನ್ ಪಿಳ್ಳೆನ ಚೆನ್ನಾಗಿ ನೋಡ್ಕೋ," ಎಂದರು. ಪಿಳ್ಳೆ ಎಂದರೆ ಅವರ ಮಾತಿನಲ್ಲಿ ಮಗು. ನನ್ನನ್ನು ತಂಗಿ ಎಂಬ ಅರ್ಥದಲ್ಲಿ ತಂಗಚ್ಚಿ ಎನ್ನುತ್ತಿದ್ದರು. ಮಗಳು ಅವರನ್ನು ಪೆರಿಮ್ಮ ಎನ್ನುತ್ತಿದ್ದಳು, ನಾವು ದೊಡ್ಡಮ್ಮ ಎನ್ನುವ ಹಾಗೆ.

ಶಾಲೆಗಳು ತೆರೆದಾಗ ಮಗಳನ್ನು ಸೇರಿಸಲು ನಾನೇ ಕರೆದುಕೊಂಡು ಹೋದೆ. ಇಟ್ಟಿಗೆ ಚೂರಿನಿಂದ ನೆಲದ ಮೇಲೆ ಅಕ್ಷರ ತಿದ್ದಿಸಿದ್ದೆ, ಮೇಷ್ಟರು ಕೇಳಿದ್ದನ್ನೆಲ್ಲ ಬರೆದಳು. "ಅಣ್ಣ ತಮ್ಮ ಎಷ್ಟು ಜನ ಮಗು?" ಎಂದರು ಮೇಷ್ಟರು. "ಒಬ್ಬ ತಮ್ಮ ಇದ್ದ ಸಾರ್, ಪಕ್ಕದ್ಮನೆಗೆ ಮಾರಿಬಿಟ್ವಿ," ಎಂದಳು. ಮೇಷ್ಟರು ನನ್ನ ಮುಖ ನೋಡಿದರು. ನಾನು ಸ್ಲೇಟು ನೋಡಿದೆ.

ಕಾರ್ತಿಕದಲ್ಲಿ ಬೇತಮಂಗಲದ ಕೆರೆ ಕೋಡಿ ಬಿದ್ದಿದೆ ಎಂದು ಸುದ್ದಿ ಬಂತು. ಎರಡು ಮನೆಯವರೂ ಒಂದು ಭಾನುವಾರ ಚಿತ್ರಾನ್ನ ಕಟ್ಟಿಕೊಂಡು ಬಸ್ಸು ಹತ್ತಿದೆವು. ಮಗು ಅಕ್ಕನ ಸೊಂಟದ ಮೇಲೇ ಇತ್ತು. ಬಸ್ಸಿನಲ್ಲಿ ಪಕ್ಕದಲ್ಲಿದ್ದ ಹೆಂಗಸು, ಯಾರ ಮಗುವಮ್ಮ ಇಷ್ಟು ದುಂಡಗೆ ಎಂದು ಕೇಳಿದಳು. ನಾನು ಅಕ್ಕನ ಕಡೆ ತೋರಿಸಿದೆ. ಸ್ವಲ್ಪ ದೂರ ಹೋದ ಮೇಲೆ ಮಗು ಹಸಿದು ಅತ್ತಿತು, ಅಕ್ಕ ನನ್ನ ಕೈಗೆ ಕೊಟ್ಟರು. ನಾನು ಸೆರಗಿನಲ್ಲಿ ಮುಚ್ಚಿಕೊಂಡು ಹಾಲು ಕೊಟ್ಟೆ. ಆ ಹೆಂಗಸು ಕಣ್ಣರಳಿಸಿ, "ಅವಳ ಮಗೀಗೆ ನೀನ್ಯಾಕಮ್ಮ ಆಲು ಕೊಡ್ತೀಯಾ?" ಎಂದಳು.

"ಸಂಬಳಕ್ಕೆ ಇಟ್ಟಿದ್ದೀನಿ," ಎಂದರು ಅಕ್ಕ.

ಅವರ ಗಂಡ ಎಷ್ಟು ನಕ್ಕರೆಂದರೆ ಕಂಡಕ್ಟರು ತಿರುಗಿ ನೋಡಿದ. ಕೆರೆಯ ಹತ್ತಿರ ಅವರು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕೋಡಿ ನೀರು ತೋರಿಸಿದರು. ನಿಮ್ಮ ತಾತ ಮರದ ನೆರಳಿನಲ್ಲಿ ನಿದ್ದೆ ಮಾಡಿದರು. ಅಷ್ಟು ನೀರನ್ನು ನಾನು ಅದೇ ಮೊದಲು ನೋಡಿದ್ದು.

ಮಗು ಅಂಬೆಗಾಲಿಟ್ಟಿತು. ಒಂದು ಬೆಳಿಗ್ಗೆ ನಾನು ಕೊಡ ತೊಳೆದು ತಿರುಗುವಷ್ಟರಲ್ಲಿ ಜಗುಲಿಯ ಮೇಲೆ ತೆವಳಿಕೊಂಡು ಹೋಗಿ ಅವರ ಹೊಸ್ತಿಲು ದಾಟಿ ಒಳಗೆ ಸೇರಿತ್ತು. ನಮ್ಮ ಹೊಸ್ತಿಲನ್ನು ಅದು ಇನ್ನೂ ತಾನಾಗಿ ದಾಟಿರಲಿಲ್ಲ. ನಾನೇ ಎತ್ತಿ ಜಗುಲಿಗೆ ಬಿಟ್ಟಿದ್ದೆ.

"ನಮ್ ಒಸ್ಲಲ್ಲೇನು ಮುಳ್ಳಿತ್ತಾ ಇವನ್ಗೆ?" ಎಂದು ಅತ್ತೆ ಮುಖ ಗಂಟು ಹಾಕಿಕೊಂಡರು. ಮಗು ಹೊಸ್ತಿಲು ದಾಟಿದ್ದಕ್ಕೆ ಮಧ್ಯಾಹ್ನ ಪಕ್ಕದ ಮನೆಯಿಂದ ಪಾಯಸ ಬಂತು. ಅತ್ತೆ ಎರಡು ಲೋಟ ಕುಡಿದು, ಬೆಲ್ಲ ಸಾಲದು ಎಂದರು.

ಅವರೆಕಾಯಿ ಕಾಲಕ್ಕೆ ನಾನು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದೆ. ಬಂಗಾರಪೇಟೆಗೆ ರೈಲು, ಅಲ್ಲಿಂದ ನಡಿಗೆ. ಹದಿನೈದು ದಿನ ಇರುವುದೆಂದು ಮಾತು. ಮೂರನೆಯ ದಿನ ಮಧ್ಯಾಹ್ನ ನೋಡಿದರೆ ಅಕ್ಕ ಹೊಲದ ದಾರಿಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಬರುತ್ತಿದ್ದಾರೆ.

"ನನ್ನ ನೋಡೋಕೆ ಬಂದ್ರಾ ಅಕ್ಕ?"

"ನಿನ್ ಮೂತಿ ದಿನಾ ನೋಡೋದೇ ಇದೆ. ಸರಿ ಸರಿ, ಕೊಡು ಇಲ್ಲಿ."

ನಮ್ಮ ಅಮ್ಮನ ಜೊತೆ ಕೂತು ಸಂಜೆಯವರೆಗೆ ಅವರೆಕಾಯಿ ಸುಲಿದರು. ಹಾಲು ಕುಡಿಯುತ್ತಿದ್ದ ಮಗು ಅವರ ದನಿ ಕೇಳಿದಾಗಲೆಲ್ಲ ಬಾಯಿ ಬಿಟ್ಟು ಆ ಕಡೆ ತಿರುಗುತ್ತಿತ್ತು. ಅಂದು ಮೊದಲ ಸಲ ನಾನು ತಿಂಗಳು ಎಣಿಸಿದೆ. ವರ್ಷ ತುಂಬಲು ಇನ್ನು ಮೂರೇ ತಿಂಗಳು. ಇವರಿಂದ ಇವನನ್ನು ನಾನು ಯಾವ ಬಾಯಲ್ಲಿ ಕೇಳಲಿ? ಕೇಳದಿದ್ದರೆ ಇವನು ಯಾರ ಮಗು?

ಶಿವರಾತ್ರಿ ಕಳೆದ ಮೇಲೆ ಅಕ್ಕನ ಗಂಡನಿಗೆ ಕಾಮಾಲೆ ಬಂತು. ಆಸ್ಪತ್ರೆಗೂ ಸೇರಿಸಿದರು, ಹಸಿರು ಮದ್ದೂ ಕುಡಿಸಿದರು. ಇಪ್ಪತ್ತು ದಿನದೊಳಗೆ ಹೋಗಿಬಿಟ್ಟರು. ಹೊತ್ತವರಲ್ಲಿ ನಿಮ್ಮ ತಾತ ಒಬ್ಬರು.

ನಿಮ್ಮ ಅಪ್ಪ ಮೊದಲ ಹೆಜ್ಜೆ ಇಟ್ಟದ್ದು ಅದೇ ದಿನಗಳಲ್ಲಿ. ಕಜ್ಜಾಯ ಮಾಡಿ ಹಂಚುವ ಸಂತೋಷ ಅದು, ಯಾರಿಗೂ ನೆನಪಾಗಲಿಲ್ಲ. ಅವನು ಎರಡು ಹೆಜ್ಜೆ ನಡೆದು, ಒಂದು ಸಲ ಬಿದ್ದು, ಅವರ ಬಾಗಿಲಿಗೆ ಹೋಗಿ ಅಂಗೈಯಿಂದ ಬಡಿಯುತ್ತಿದ್ದ. ಬಾಗಿಲು ತೆರೆಯುತ್ತಿರಲಿಲ್ಲ. ನಾನು ತಟ್ಟಿಯ ಈ ಕಡೆಯಿಂದ, "ಅಕ್ಕ, ಮಗು ನಿಂತಿದೆ, ತೆಗೀರಿ," ಎಂದೆ.

"ಬೇಡ ತಂಗಚ್ಚಿ. ನನ್ ಮುಖ ಅವನಿಗೆ ಬೇಡ. ಎತ್ಕೊಂಡು ಹೋಗು."

ಗಂಡ ತೀರಿದ ಹೆಂಗಸಿನ ನೆರಳು ಹಸುಗೂಸಿಗೆ ಆಗದು ಎಂದು ಲೈನಿನಲ್ಲಿ ಎಲ್ಲರೂ ನಂಬಿದ್ದರು. ಅಕ್ಕನೂ ನಂಬಿದ್ದರು. ನಿಜ ಹೇಳಬೇಕೆಂದರೆ ನಾನೂ ನಂಬಿದ್ದೆ.

ಮನೆ ಕಂಪನಿಯದು. ಕೆಲಸದವನಿಲ್ಲದ ಮೇಲೆ ಖಾಲಿ ಮಾಡಬೇಕು. ತಮಿಳು ಸೀಮೆಯ ಗುಡಿಯಾತ್ತಂ ಹತ್ತಿರದ ಹಳ್ಳಿಯಲ್ಲಿದ್ದ ಅವರ ತಮ್ಮ, ತಿಂಗಳು ಕಳೆಯುತ್ತಲೇ ಕರೆದುಕೊಂಡು ಹೋಗುತ್ತೇನೆಂದ. ನಿಮ್ಮ ಅಪ್ಪನಿಗೆ ವರ್ಷ ತುಂಬಲು ಆಗ ಒಂದು ವಾರ ಉಳಿದಿರುತ್ತಿತ್ತು.

"ಅವಳ ಕೈಯಿಂದ ಈಸ್ಕೋಬಾರ್ದು," ಎಂದರು ಅತ್ತೆ. "ಅವಳು ರೈಲು ಅತ್ಲಿ. ಆಮೇಲೆ ನಾವೇ ಮೊರ ಇಟ್ಟು ಮುಗ್ಸಾಣ."

"ಕೊಂಡೋರಿಲ್ದೆ ವಾಪಸ್ ಯಾರ್ ಕೊಡ್ತಾರತ್ತೆ?" ಎಂದೆ. ಅತ್ತೆಗೆ ನಾನು ಎದುರು ಹೇಳಿದ್ದು ಅದೇ ಮೊದಲು.

"ನೀನ್ ಸುಮ್ಕಿರು. ಮುತ್ತೈದೆಯಾಗಿ ಕೊಂಡ್ಳು, ಇವಾಗ ಅವಳೇ ಬೇರೆ."

ನಿಮ್ಮ ತಾತ, ಅವ್ವ ಹೇಳಿದ ಹಾಗೇ ಆಗಲಿ ಎಂದು ಶೆಡ್ಡಿಗೆ ಹೋದರು.

ಹೊರಡುವ ದಿನ ಬೆಳಿಗ್ಗೆ ಅಕ್ಕನ ತಮ್ಮ ಪೆಟ್ಟಿಗೆ ಕಟ್ಟಿದ. ಮೇಕೆಯನ್ನು ನಲ್ಲಿ ಹತ್ತಿರದ ಮನೆಗೆ ಕೊಟ್ಟಾಗಿತ್ತು. ಲೈನಿನ ಹೆಂಗಸರು ದೂರದಲ್ಲಿ ನಿಂತಿದ್ದರು. ಅವರ ಕೈಯಿಂದಲೇ ಕೊಳ್ಳುವುದೆಂದು ನಾನು ಒಳಗೆ ಹೋಗಿ ಮೊರಕ್ಕೆ ತೌಡು ಸುರಿದೆ. ಮೊರ ಎತ್ತಿಕೊಂಡೆ. ಮತ್ತೆ ಕೆಳಗಿಟ್ಟೆ. ಮಗುವನ್ನು ಮಾತ್ರ ಎತ್ತಿಕೊಂಡು ಹೊರಗೆ ಬಂದೆ.

"ಅಕ್ಕ, ಇವನನ್ನ ನಾನು ವಾಪಸ್ ತಗೊಳ್ಳಲ್ಲ," ಎಂದೆ. ದನಿ ಬೇಕಿದ್ದಕ್ಕಿಂತ ಜೋರಾಗಿ ಬಂತು.

ಅಕ್ಕ ಹೆದರಿಬಿಟ್ಟರು. "ಐಯೋ, ನಾನು ತಮ್ಮನ ಮನೇಲಿ ಇರೋಳು. ಎಲ್ಲಿಗೆ ಕರ್ಕೊಂಡು ಹೋಗ್ಲಿ?"

"ಇಲ್ಲೇ ಬೆಳೀತಾನೆ. ನಿಮ್ಮೋನಾಗೇ ಬೆಳೀಲಿ."

"ಏನೇ ಅದು, ಬುದ್ದಿ ಕೆಟ್ಟೈತಾ ನಿನ್ಗೆ?" ಎಂದು ಅತ್ತೆ ಒಳಗಿನಿಂದ ಕೂಗಿದರು.

"ಅಮ್ಮ ಹೇಳೋದು ಸರಿ ತಂಗಚ್ಚಿ. ಈ ಕೈ ಈಗ ಆಗಲ್ಲ," ಎಂದು ಅಕ್ಕ ಕೈ ಹಿಂದಕ್ಕೆ ಕಟ್ಟಿಕೊಂಡರು. ಮಗು ಅಷ್ಟರಲ್ಲಿ ಅವರ ಕಡೆ ಜೋತುಬಿದ್ದಿತ್ತು. ಹಿಡಿಯದಿದ್ದರೆ ಬೀಳುತ್ತಿತ್ತು. ಹಿಡಿದರು. ಅವನಿಗೆ ನೆಗಡಿಯಾಗಿತ್ತು, ಅವರ ಹೆಗಲಿಗೆ ಮೂಗು ಒರೆಸಿದ. ರೈಲಿಗೆ ಹೊತ್ತಾಯಿತೆಂದು ತಮ್ಮ ಮೂರು ಸಲ ಹೇಳುವವರೆಗೂ ಅವರು ಅವನನ್ನು ಕೆಳಗಿಳಿಸಲಿಲ್ಲ.

ಲೈನಿನವರು ಆಮೇಲೆ ನನ್ನದು ದೊಡ್ಡ ಮನಸ್ಸು ಎಂದರು. ಮಕ್ಕಳೇ, ನಿಮಗೆ ಸುಳ್ಳು ಬರೆಯಲಾರೆ. ಅಕ್ಕನ ಮೇಲೆ ಕರುಣೆ ಇತ್ತು, ಅದು ನಿಜ. ಆದರೆ ಗಂಡು ಕೂಸೊಂದು ನನ್ನ ಕೈಯಲ್ಲಿ ಹನ್ನೊಂದು ತಿಂಗಳು ಬದುಕಿದ್ದು ಅದೇ ಮೊದಲು. ಅವರ ಮಗುವಾಗಿದ್ದಾಗ ಬದುಕಿದ್ದ. ನನ್ನದಾಗಿಬಿಟ್ಟರೆ ಏನಾಗುವುದೋ ಎಂಬ ಭಯ ನನ್ನ ಕೈಯಿಂದ ಆ ಮೊರ ಇಳಿಸಿತ್ತು. ಕರುಣೆ ಎಷ್ಟು, ಭಯ ಎಷ್ಟು ಎಂದು ಇವತ್ತಿಗೂ ನನಗೆ ಬಿಡಿಸಿ ಹೇಳಲು ಬರುವುದಿಲ್ಲ.

ಅತ್ತೆ ಒಂದು ತಿಂಗಳು ನನ್ನೊಂದಿಗೆ ಮಾತು ಬಿಟ್ಟರು. ಮಗುವಿಗೆ ದಡಾರ ಬಂದಾಗ ನೆಟ್ಟ ನೋಟದಿಂದ ನನ್ನನ್ನೇ ನೋಡುತ್ತಾ ಕೂತಿದ್ದರು. ದಡಾರ ಇಳಿಯಿತು. ಮೂರನೆಯ ವರ್ಷ ಮುಡಿ ತೆಗೆಸಿದ್ದು ಅಕ್ಕನ ಊರಿನಲ್ಲಿ. ಅತ್ತೆಯೂ ಬಂದರು, ದಾರಿಯುದ್ದಕ್ಕೂ ಗೊಣಗಿದರು, ಅಲ್ಲಿ ಇಳಿದ ಮೇಲೆ, "ಮಗೀನ ಇಡ್ಕೊಳ್ಳೇ, ನನ್ ಸೊಂಟ ನೋಯ್ತೈತೆ," ಎಂದು ತಾವೇ ಅಕ್ಕನ ಕೈಗೆ ಕೊಟ್ಟರು.

ಅಕ್ಕ ತೀರಿಕೊಂಡಾಗ ನಿಮ್ಮ ಅಪ್ಪನಿಗೆ ಇನ್ನೂ ಮದುವೆಯಾಗಿರಲಿಲ್ಲ. ಹೋಗಿ ಕರ್ಮ ಮಾಡಿ, ತಲೆ ಬೋಳಿಸಿಕೊಂಡು ಬಂದ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಗುರುತಿನವರೊಬ್ಬರು ಯಾರು ಹೋದರೆಂದು ಕೇಳಿದಾಗ, "ನಮ್ಮಮ್ಮ," ಎಂದ. ಜೊತೆಗೆ ಹೋಗಿದ್ದ ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ನನ್ನನ್ನೊಮ್ಮೆ ಅವನನ್ನೊಮ್ಮೆ ನೋಡಿದರು. ನನಗೆ ಬೇಸರವಾಗಲಿಲ್ಲ. ಸರಿಯಾಗಿಯೇ ಹೇಳಿದ್ದ.

ಈಗಲೂ ಅವನು ವರ್ಷಕ್ಕೊಮ್ಮೆ ಆ ಊರಿಗೆ ಹೋಗಿ ಎಡೆ ಇಟ್ಟು ಬರುತ್ತಾನೆ. ನಿಮಗೆ ನೆಂಟರ ಮನೆ ಎಂದಷ್ಟೇ ಹೇಳಿದ್ದಾನೆ. ಅವನಿಗೂ ನನ್ನ ಹಾಗೆ ಮಾತು ಕಮ್ಮಿ. ಅಕ್ಕನದ್ದು ಒಂದು ಫೋಟೋ ಇಲ್ಲ, ಯಾವ ಕಾಗದದಲ್ಲೂ ಅವರು ಅವನ ತಾಯಿ ಎಂದು ಇಲ್ಲ. ನಾನು ಹೋದ ಮೇಲೆ ಇದನ್ನು ಹೇಳುವುದು ಈ ಹಾಳೆಗಳು ಮಾತ್ರ. ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಇಡಿ, ಜೊತೆಗೆ ನಾಲ್ಕು ಬೇವಿನ ಎಲೆ ಹಾಕಿ, ಹುಳ ಹಿಡಿಯುವುದಿಲ್ಲ. ಮನೆ ಬದಲಿಸಿದರೆ ಹಳೇ ಪೇಪರಿನ ಜೊತೆ ಹೋಗದ ಹಾಗೆ ನೋಡಿಕೊಳ್ಳಿ.