ಚನ್ನಾಜಮ್ಮ ಕೂರಿಸಿದ ಸ್ಪೀಕರು

ಹನೂರು ಬಸ್‌ಸ್ಟ್ಯಾಂಡಿನ ಎದುರಿಗಿರುವ ರೇಡಿಯೊ ಅಂಗಡಿ ಮುತ್ತಯ್ಯನದು. ಅವನ ಕಣ್ಣು ಮಂಜಾದ ಮೇಲೆ ಹದಿನೈದು ವರ್ಷ ರಿಪೇರಿಯೆಲ್ಲ ಮಾಡಿದವಳು ಅವನ ಹೆಂಡತಿ ಚನ್ನಾಜಮ್ಮ. ಆದರೆ ಹೆಂಗಸು ಮುಂದೆ ಕೂತರೆ ಗಿರಾಕಿ ಬರುವುದಿಲ್ಲವಂತೆ! ಅದಕ್ಕೆ ಅವಳು ಪರದೆಯ ಹಿಂದೆ, ಅವನು ಮುಂದೆ. ಕೆಟ್ಟ ರೇಡಿಯೊ ಒಳಗೆ ಹೋಗಿ ಹಾಡುತ್ತಾ ಹೊರಗೆ ಬರುತ್ತಿತ್ತು. ಭೇಷ್ ಅನ್ನಿಸಿಕೊಳ್ಳುವವನು ಮಾತ್ರ ಮುತ್ತಯ್ಯ. ಹೋದ ವರ್ಷ ಅವನು ತೀರಿಕೊಂಡ. ತಿಥಿ ಮುಗಿದ ಮರುದಿನವೇ ಚನ್ನಾಜಮ್ಮ ಪರದೆ ಕಿತ್ತು ಮುಂದೆ ಬಂದು ಕೂತಳು. ಬಂದವರೆಲ್ಲ "ಮೆಕ್ಯಾನಿಕ್ ಇಲ್ವಾ?" ಅಂತ ಕೇಳಿ ಬೆನ್ನು ತಿರುಗಿಸುತ್ತಿದ್ದರು. ಅವಳೇನು ಗೊಂಬೆಯೇ, ಸುಮ್ಮನೆ ಕೂತಿರಲು?

ಧನಗೆರೆಯ ಜಮೀನುದಾರ ಗುರುಪಾದಸ್ವಾಮಿಯೂ ಹಾಗೇ ಕೇಳಿದರು. ಅವರ ತಂದೆಯ ಕಾಲದ, ಬಲ್ಬಿನಂಥ ಗಾಜಿನ ವಾಲ್ವುಗಳಿದ್ದ ರೇಡಿಯೊದ ಸ್ಪೀಕರನ್ನು ಇಲಿ ಕಡಿದುಹಾಕಿತ್ತು.

"ನಾನೇ ಮೆಕ್ಯಾನಿಕ್ಕು. ಮಡಗಿ ಓಗಿ ಸಾ, ಸೋಮ್ವಾರ ಬನ್ನಿ."

"ನೀನಾ? ಆಗ್ದಿದ್ರೆ ಹಾಳ್ ಮಾಡ್ಬೇಡ ಕಣಮ್ಮ, ಮೈಸೂರ್ಗೆ ತಕಂಡೋಯ್ತೀನಿ."

ಚನ್ನಾಜಮ್ಮ ರೇಡಿಯೊವನ್ನು ತನ್ನತ್ತ ಎಳೆದುಕೊಂಡಳು. ಈ ರೇಡಿಯೊ ಹಾಡದಿದ್ದರೆ ಊರಿನಲ್ಲಿ ಇನ್ಯಾರೂ ತನ್ನ ಕೈಗೆ ಒಂದು ಟಾರ್ಚನ್ನೂ ಕೊಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಸೋಮವಾರ ಅವರು ಬರುವ ಹೊತ್ತಿಗೆ ಆಗತಾನೇ ಹೊಸ ಸ್ಪೀಕರು ಕೂರಿಸಿ ಆಗಿತ್ತು. ಸ್ವಿಚ್ ಹಾಕಿದಳು. ಗುಂಯ್ ಅಂತ ಒಂದೇ ಸದ್ದು, ಮಾತಿಲ್ಲ, ಹಾಡಿಲ್ಲ.

"ಅಯ್ಯಯ್ಯೋ, ಜೇನುಗೂಡು ತಂದು ಮಡಗಿದೀಯಲ್ಲಮ್ಮ! ಮುತ್ತಯ್ಯ ಇದ್ದಿದ್ರೆ..."

"ಇದ್ದಿದ್ರೆ ಅಲ್ಲೇ ಬೀಡಿ ಸೇದ್ಕಂಡ್ ಕೂತಿರೋರು. ನೀವೂ ಕೂತ್ಕಳಿ."

ಕಿತ್ತಿಟ್ಟ ಹಳೆ ಸ್ಪೀಕರನ್ನು ತಿರುಗಿಸಿ ನೋಡಿ ಅವಳು ಹಣೆ ಚಚ್ಚಿಕೊಂಡಳು. ಹೊಸ ಸ್ಪೀಕರಿಗಾದರೆ ಅಯಸ್ಕಾಂತ ಇರುತ್ತದೆ. ಈ ಹಳೆಯದರಲ್ಲಿ ಅದರ ಜಾಗದಲ್ಲಿ ದಪ್ಪನೆಯ ತಾಮ್ರದ ಸುರುಳಿ. ಕರೆಂಟು ಆ ಸುರುಳಿಯನ್ನು ಹಾದು, ತನ್ನ ಗುಂಯ್ ಸದ್ದು ಅಡಗಿ, ಆಮೇಲೆ ವಾಲ್ವಿಗೆ ಹೋಗಬೇಕು. ಹೊಸ ಸೆಟ್ಟುಗಳ ರೂಢಿಯಲ್ಲಿ ಅವಳು ಅದನ್ನು ಕಸವೆಂದು ತೆಗೆದು ತಂತಿಗಳನ್ನು ನೇರ ಬೆಸೆದಿದ್ದಳು. ಎಂಥಾ ಮುಠ್ಠಾಳತನ! ಹಳೆ ಸ್ಪೀಕರಿನ ಇಲಿ ತಿಂದ ಕಾಗದವನ್ನು ಕತ್ತರಿಸಿ ಎಸೆದು, ಸುರುಳಿಯನ್ನು ಪೆಟ್ಟಿಗೆಯ ಮೂಲೆಗೆ ಬಿಗಿದು, ತಂತಿಯನ್ನು ಮತ್ತೆ ಅದರ ಮೂಲಕವೇ ಹಾಯಿಸಿದಳು. ಸ್ವಿಚ್ ಹಾಕಿದಾಗ ವಾಲ್ವುಗಳು ನಿಧಾನವಾಗಿ ಕೆಂಪಾದವು. ಮೊದಲು ಯಾವುದೋ ತಮಿಳು ಮಾತು ಬಂತು. ಗುಂಡಿ ಕೊಂಚ ತಿರುಗಿಸಿದರೆ ಬೆಂಗಳೂರು ಸ್ಟೇಷನ್ನು, ಕನ್ನಡದ ಹಾಡು! ಕೊಳ್ಳೇಗಾಲದ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಇತ್ತ ತಿರುಗಿದರು.

ಗುರುಪಾದಸ್ವಾಮಿಯ ಮುಖ ಅರಳಿತು. "ಭೇಷ್! ಮುತ್ತಯ್ಯ ಚೆನ್ನಾಗ್ ಕಲ್ಸವ್ನೆ ಕಣಮ್ಮ."

ಚನ್ನಾಜಮ್ಮ ಟಕ್ಕನೆ ಸ್ವಿಚ್ ಆರಿಸಿ ರೇಡಿಯೊ ಮೇಲೆ ಎರಡೂ ಕೈ ಊರಿದಳು. "ಅದ್ನೈದು ವರ್ಷ ನಿಮ್ಮೂರ ರೇಡಿಯೊ ಎಲ್ಲಾ ಮಾಡಿದ್ದು ನಾನೇ ಸಾ. ಇದ್ನ ಯಾರು ಮಾಡುದ್ರು ಅಂತ ಬಾಯ್ಬುಟ್ಟು ಏಳಿ. ಏಳ್ದೆ ತಕಂಡೋಗಕ್ಕಾಗಲ್ಲ."

ಅವರು ರಸ್ತೆಯ ಕಡೆ ನೋಡಿದರು, ಕೆಮ್ಮಿದರು. "ನೀನೇ ಕಣಮ್ಮ."

"ನಂಗೂ ಒಂದ್ ಎಸ್ರು ಅದೆ."

"ಚನ್ನಾಜಮ್ಮ."

"ಬಸ್ ಕಾಯೋರ್ಗೆ ಕೇಳ್ನಿಲ್ಲ ಸಾ."

ಗುರುಪಾದಸ್ವಾಮಿ ಗಂಟಲು ಸರಿಮಾಡಿಕೊಂಡು ಆ ಹೆಸರನ್ನು ರಸ್ತೆಗೆಲ್ಲ ಕೇಳುವಂತೆ ಕೂಗಿ ಹೇಳಿದ ಮೇಲೆಯೇ ಅವಳು ಕೈ ತೆಗೆದಳು.